ಖೋನ್ ಕೇನ್‌ನಲ್ಲಿ ಅಕ್ಕ ಅಂದ ಮಾತು

ದೇವನಹಳ್ಳಿ, ಅಥವಾ ಬ್ಯಾಂಕಾಕ್

…ಇಲ್ಲ, ಅದು ಬ್ಯಾಂಕಾಕಿನಲ್ಲಿ ನಡೆದಿರಲಾರದು. ಬ್ಯಾಂಕಾಕಿನಲ್ಲಿ ನಮ್ಮ ಚೀಲ ನೋಡಿದವನು ಕನ್ನಡಕದ ಗಂಡಸು. ನನ್ನ ನೆನಪಿನಲ್ಲಿ ರತ್ನಕ್ಕನ ಚೀಲ ಬಿಚ್ಚಿಸಿದವಳು ಹೆಣ್ಣುಮಗಳು. ಆದರೆ ದೇವನಹಳ್ಳಿ ಏರ್‌ಪೋರ್ಟಿನಲ್ಲಿ, ಹೊರಟು ನಿಂತವರ ಚೀಲದಲ್ಲಿ ಬೀಜ ಇದೆಯೇ ಎಂದು ಯಾರು ಕೇಳುತ್ತಾರೆ? ಕೇಳುವುದು ಇಳಿದ ಕಡೆ. ಹಾಗಾದರೆ ಬ್ಯಾಂಕಾಕೇ ಇರಬೇಕು, ಆ ಕನ್ನಡಕದವನನ್ನು ನಾನು ಬೇರೆಲ್ಲಿಂದಲೋ ತಂದು ಅಲ್ಲಿ ನಿಲ್ಲಿಸಿದ್ದೇನೆ.

ಮಾತು ಮಾತ್ರ ಖಚಿತವಾಗಿ ನೆನಪಿದೆ.

"ಸೀಡ್ಸ್?" ಎಂದಳು ಅವಳು.

"ಎಸ್, ಎಸ್. ಸೀಡ್ಸ್!" ಎಂದಳು ರತ್ನಕ್ಕ, ಎದೆ ಮುಟ್ಟಿಕೊಂಡು. "ಓನರ್."

ತನ್ನ ಕಸುಬು ಏನೆಂದು ಕೇಳುತ್ತಿದ್ದಾರೆ ಎಂದು ಅವಳು ತಿಳಿದಿದ್ದಳು. ಇಂಗ್ಲಿಷಿನಲ್ಲಿ ಅವಳಿಗೆ ಧೈರ್ಯವಾಗಿ ಬರುವ ಪದ ಅದೊಂದೇ. ಚೀಲದಿಂದ ಎಲ್ಲ ಹೊರಗೆ ಬಂತು: ರಾಗಿ ಹುರಿಹಿಟ್ಟು, ಚಟ್ನಿಪುಡಿ, ಹುರಿದ ಅವರೆಬೇಳೆ. ಅವರೆಬೇಳೆಯ ಮುಂದೆ ಎಲ್ಲರೂ ನಿಂತರು. ಇದು ಮೊಳೆಯುವುದಿಲ್ಲ, ಎಣ್ಣೆಯಲ್ಲಿ ಕರಿದದ್ದು ಎಂದು ನಾನು ತೋರಿಸಲು ಹೋಗಿ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಆ ಹೆಣ್ಣುಮಗಳೂ ಎರಡು ಕಾಳು ತಿಂದು ನಕ್ಕು ಬಿಟ್ಟುಬಿಟ್ಟಳು. ಅವಳು ತಿಂದದ್ದು ನಿಜವೋ, ಊರಲ್ಲಿ ಈ ಕಥೆ ಹೇಳುತ್ತಾ ನಾನು ತಿನ್ನಿಸಿದ್ದೋ, ಅದು ಬೇರೆ ಮಾತು.

ರತ್ನಕ್ಕ ನನ್ನ ದೊಡ್ಡಪ್ಪನ ಮಗಳು. ಚಿಂತಾಮಣಿಯ ಹೊರಗೆ ಅವಳದೊಂದು ಸಣ್ಣ ಬೀಜದ ಕಂಪನಿ ಇದೆ. ಶಿಡ್ಲಘಟ್ಟದ ಕಡೆಯ ಹಳ್ಳಿಗಳಲ್ಲಿ ಹೆಂಗಸರಿಂದ ಕ್ರಾಸಿಂಗ್ ಮಾಡಿಸುತ್ತಾಳೆ. ಅಂದರೆ ಗಂಡು ಗಿಡದ ಹೂವು ಕಿತ್ತು ಹೆಣ್ಣು ಗಿಡದ ಹೂವಿಗೆ ಸವರಿ, ಗುರುತಿಗೆ ದಾರ ಕಟ್ಟುವ ಕೆಲಸ. ಅವಳ ಹೀರೆಬೀಜಕ್ಕೆ ಪ್ಯಾಕೆಟ್ಟಿನ ಮೇಲೆ ಏನೋ ಒಂದು ಹೆಸರಿದೆ. ರೈತರು ಕೇಳುವುದು ಮಾತ್ರ "ಅಕ್ಕನ ಹೀರೆ ಕೊಡಿ" ಎಂದೇ.

ಈ ವಿದ್ಯೆ ಅವಳು ಕಲಿತದ್ದು ಒಂದು ವಿದೇಶಿ ಕಂಪನಿಯ ತೋಟದಲ್ಲಿ, ಮದುವೆಗೆ ಮುಂಚೆ, ಚಿಕ್ಕಬಳ್ಳಾಪುರದ ಹತ್ತಿರ. ನಮ್ಮ ಕಡೆ ಅದನ್ನು 'ದೊಡ್ಡ ಕಂಪನಿ' ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅದು ಈಗ ಗೌರಿಬಿದನೂರು ತಾಲ್ಲೂಕಿನಲ್ಲಿ, ತೊಂಡೇಬಾವಿ ದಾಟಿ, ದೊಡ್ಡ ಘಟಕ ತೆರೆದಿದೆ. ಶಿಡ್ಲಘಟ್ಟದ ಹಳ್ಳಿಗಳಿಗೂ ಅದರ ವ್ಯಾನು ಬರುತ್ತದೆ. ಬೆಳಿಗ್ಗೆ ಹತ್ತಿದ ಹೆಂಗಸರು ಮನೆ ಸೇರುವಾಗ ಕತ್ತಲು. ಹೀರೆಯ ಹೂವು ಅರಳುವುದು ಸಂಜೆ. ಮುಟ್ಟುವ ಕೈಗಳು ಆ ಹೊತ್ತಿಗೆ ವ್ಯಾನಿನಲ್ಲಿರುತ್ತವೆ. ಅಕ್ಕನಿಗೆ ಬಂದ ಕಷ್ಟ ಇಷ್ಟೇ. ದೊಡ್ಡ ಕಂಪನಿ ಅವಳ ಮೇಲೆ ಯಾವ ಯುದ್ಧವನ್ನೂ ಹೂಡಲಿಲ್ಲ. ವ್ಯಾನಿನ ಹೊತ್ತು ಹಾಗಿತ್ತು, ಅಷ್ಟೆ.

ಆಮೇಲೆ ಅವರೇ ಹೇಳಿ ಕಳಿಸಿದರು: ನಮ್ಮೊಳಗೆ ಸೇರಿಕೊಳ್ಳಿ, ನಿಮ್ಮ ಶೆಡ್ಡು, ನಿಮ್ಮ ಹೆಂಗಸರು, ನಿಮ್ಮ ಹೀರೆ ಎಲ್ಲವೂ ಬರಲಿ. ಥಾಯ್ಲೆಂಡಿನಲ್ಲಿ ನಮ್ಮ ತೋಟ ನೋಡಿ ಬಂದು ಹೇಳಿ. ಅಕ್ಕ ಒಂದೇ ಮಾತು ಕೇಳಿದಳು. ತೋಟ ಆಮೇಲೆ, ತನ್ನ ಹಾಗೇ ಸಣ್ಣ ಕಂಪನಿ ಇಟ್ಟುಕೊಂಡಿದ್ದು ಅವರೊಳಗೆ ಸೇರಿದವರು ಯಾರಾದರೂ ಅಲ್ಲಿದ್ದರೆ ಮೊದಲು ಅವರ ಮನೆಗೆ ಹೋಗಬೇಕು. "ಹೆಣ್ಣು ಕೊಡೋ ಮುಂಚೆ ಆ ಮನೆ ಸೊಸೆಯನ್ನ ವಿಚಾರಿಸಬೇಕಲ್ವೇನೋ," ಎಂದಳು ನನಗೆ. ಇಂಗ್ಲಿಷ್ ಬರುವವನು ಎಂದು ನನ್ನನ್ನು ಜೊತೆಗೆ ಹೊರಡಿಸಿದಳು.

ಬ್ಯಾಂಕಾಕ್, ಅರ್ಧ ದಿನ

ಬ್ಯಾಂಕಾಕ್ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಮಳೆ ಬಂದಿತ್ತು ಎಂದು ನನ್ನ ನೆನಪು, ಬಿಸಿಲಿತ್ತು ಎಂದು ಅಕ್ಕನ ನೆನಪು. ಇಬ್ಬರಿಗೂ ಒಂದೇ ಥರ ನೆನಪಿರುವುದು ಒಂದು ಅಂಗಡಿಯ ಮುಂದೆ ಕಂಬದ ಮೇಲಿದ್ದ ಪುಟ್ಟ ಗುಡಿ. ಪಕ್ಷಿಗೂಡಿನಷ್ಟಿತ್ತು. ಒಳಗಿದ್ದ ದೇವರಿಗೆ, ಅಥವಾ ಆ ಜಾಗದ ಯಜಮಾನನಿಗೆ, ಕೆಂಪು ಸೋಡಾದ ಬಾಟಲಿ ತೆರೆದು ಸ್ಟ್ರಾ ಹಾಕಿ ಇಟ್ಟಿದ್ದರು.

"ನೋಡೋ, ದೇವರಿಗೆ ಸ್ಟ್ರಾ ಕೊಟ್ಟವ್ರೆ!" ಅಕ್ಕನಿಗೆ ಪರಮಾನಂದವಾಯಿತು. "ನಮ್ಮ ಮುನೇಶ್ವರ ಪಾಪ, ಕಾಯಿನೀರೆಲ್ಲಾ ಮೈಮೇಲೇ ಸುರ್ಕೋತಾನೆ."

ಕೈಮುಗಿದಳು. ಅಂಗಡಿಯವಳು ಒಳಗಿನಿಂದಲೇ ತಾನೂ ಕೈಮುಗಿದಳು. ಇಡೀ ದೇಶ ಕೈಮುಗಿಯುತ್ತದೆ ಎಂದು ಗೊತ್ತಾದ ಮೇಲೆ ಅಕ್ಕನ ಪರದೇಶದ ಭಯ ಅರ್ಧ ಇಳಿಯಿತು.

ಖೋನ್ ಕೇನ್ ದಾರಿ

ಕಂಪನಿಯ ತೋಟವಿರುವುದು ಖೋನ್ ಕೇನ್ ಕಡೆ, ಬ್ಯಾಂಕಾಕಿನಿಂದ ಬಸ್ಸಿನ ದಾರಿ. ಅಲ್ಲಿನ ಬಸ್ ನಿಲ್ದಾಣದಲ್ಲಿ ನಮ್ಮನ್ನು ಕರೆದೊಯ್ಯಲು ಬಂದವಳು ದೊಡ್ಡ ಕಂಪನಿಯ ಅಧಿಕಾರಿ, ನೊಕ್. ಅವರ ಭಾಷೆಯಲ್ಲಿ ನೊಕ್ ಎಂದರೆ ಹಕ್ಕಿ. ಅಕ್ಕ ಅವಳನ್ನು ಆ ಗಳಿಗೆಯಿಂದಲೇ ನೊಕ್ಕಮ್ಮ ಮಾಡಿದಳು. ಅವಳಿಗೂ ಅದು ಹಿಡಿಸಿತು.

ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಳು. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಅನ್ನ ಬಂತು, ಅಂಟಂಟು ಅನ್ನ. ಕೈಯಲ್ಲಿ ಚಿವುಟಿ ಉಂಡೆ ಮಾಡಿ ಖಾರದಲ್ಲಿ ಅದ್ದಿ ತಿನ್ನಬೇಕು. ಪಕ್ಕದಲ್ಲಿ ಪರಂಗಿಕಾಯಿಯ ಕೋಸಂಬರಿ. ಅದರೊಳಗಿಂದ ಒಂದು ಏಡಿಯ ಕಾಲು ನಮ್ಮನ್ನು ನೋಡುತ್ತಿತ್ತು. ಏಡಿಯನ್ನು ನನ್ನ ತಟ್ಟೆಗೆ ವರ್ಗಾಯಿಸಿ ಅಕ್ಕ ಅನ್ನದ ಉಂಡೆ ಕಟ್ಟಿದಳು.

"ಮುದ್ದೆ ಥರಾನೇ ಐತೆ ಕಣೋ!" ಎಂದು ಖಾರಕ್ಕೆ ಅದ್ದಿ, ನಾವು ಮುದ್ದೆ ನುಂಗುವ ಹಾಗೆ ಹಲ್ಲಿಗೆ ತಾಗಿಸದೆ ನುಂಗಿದಳು.

ಉಂಡೆ ಗಂಟಲಲ್ಲಿ ನಿಂತಿತು. ಕಣ್ಣು ಮೇಲಾಯಿತು. ನೊಕ್ ಎದ್ದು ಬಂದು ಬೆನ್ನಿಗೆ ನಾಲ್ಕು ಗುದ್ದಿದಳು. ನೀರು ಕುಡಿದು ಸುಧಾರಿಸಿಕೊಂಡ ಅಕ್ಕ ಮೊದಲು ಅಂದದ್ದು: "ಅಗಿಬೇಕಂತಾ? ಅನ್ನ ಅಂದ್ರೆ ಅನ್ನದ ಥರ ಇರ್ಬೇಕಪ್ಪ, ಮುದ್ದೆ ಅಂದ್ರೆ ಮುದ್ದೆ ಥರ. ಇದೇನು ಎರಡಕ್ಕೂ ಸೇರ್ದಂಗೆ."

ಆಮೇಲೆ ನೊಕ್‌ಗೆ ಏನಾದರೂ ಒಳ್ಳೆಯ ಮಾತು ಆಡಬೇಕೆನ್ನಿಸಿತು ಅವಳಿಗೆ. ನಾನು ಬಾಯಿ ತೆರೆಯುವ ಮುಂಚೆ ನೊಕ್ ತನ್ನ ಫೋನನ್ನೇ ಮುಂದೆ ಹಿಡಿದಳು. ಕನ್ನಡದಲ್ಲಿ ಹೇಳಿದರೆ ಅದು ಥಾಯ್‌ನಲ್ಲಿ ಹೇಳುತ್ತದಂತೆ, ಥಾಯ್‌ನಲ್ಲಿ ಹೇಳಿದರೆ ಕನ್ನಡದಲ್ಲಿ.

"ಏನಮ್ಮಾ ನೊಕ್ಕಮ್ಮಾ, ಆಯ್ತಾ ನಿಂದು?" ಎಂದಳು ಅಕ್ಕ.

ಫೋನು ಏನು ಹೇಳಿತೋ, ನೊಕ್ ಗಾಬರಿಯಿಂದ ತನ್ನ ಹೊಟ್ಟೆ ನೋಡಿಕೊಂಡಳು.

"ಅಕ್ಕಾ, ಅದಕ್ಕೆ ನಮ್ಮ ಮಾತು ಬರಲ್ಲ. ಪುಸ್ತಕದ ಥರ ಹೇಳು."

"ವಾರ್ತೆ ಓದೋಳ ಥರಾನಾ?" ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ನೀವು ಊಟ ಮಾಡಿದಿರಾ?"

ಫೋನು ಸರಿಯಾಗಿ ಹೇಳಿತು. ನೊಕ್ ಚಪ್ಪಾಳೆ ತಟ್ಟಿದಳು. ಅಲ್ಲಿಂದ ಮುಂದೆ ನನ್ನ ಜೊತೆಗಿದ್ದದ್ದು ಇಬ್ಬರು ರತ್ನಕ್ಕಂದಿರು. ಒಬ್ಬಳು ಫೋನಿಗೆ 'ಮಾಡುತ್ತೇವೆ, ಹೇಳುತ್ತೇವೆ' ಎನ್ನುವವಳು. ಇನ್ನೊಬ್ಬಳು ನನ್ನ ಕಡೆ ತಿರುಗಿ 'ಏನೋ ಇದು, ಬಾಯಿ ನೋಯ್ತದೆ' ಎನ್ನುವವಳು.

ಲುಂಗ್ ಡೇಂಗ್ ಮನೆ

ದೊಡ್ಡ ಕಂಪನಿಯೊಳಗೆ ಸೇರಿದ್ದ ಸಣ್ಣ ಯಜಮಾನನ ಹೆಸರು ಲುಂಗ್ ಡೇಂಗ್. ಅಕ್ಕ ಮೊದಲು ಲುಂಗಿ ಎಂದು ಕೇಳಿಸಿಕೊಂಡು ಅವರ ಪ್ಯಾಂಟು ನೋಡಿದಳು. ಲುಂಗ್ ಎಂದರೆ ದೊಡ್ಡಪ್ಪ ಎಂದು ನೊಕ್ ವಿವರಿಸಿದ ಮೇಲೆ ಸಲೀಸಾಯಿತು. "ಹಂಗಾದ್ರೆ ದೊಡ್ಡಪ್ಪಾ ಅಂತೀನಿ."

ಜಗಲಿಯ ಮೇಲೆ ಕೂತ ತಕ್ಷಣ ಅವಳು ನನ್ನ ಕಿವಿಯ ಹತ್ತಿರ ತೆಲುಗಿನಲ್ಲಿ, "ಆಯಮ್ಮ ವದ್ದುರಾ," ಎಂದಳು. ಅವಳು ಬೇಡ ಎಂದರ್ಥ. ಆ ಇಡೀ ಸೀಮೆಯಲ್ಲಿ ಕನ್ನಡ ಬರುವವರೇ ಇರಲಿಲ್ಲ, ಆದರೂ ಚಿಂತಾಮಣಿಯವರಿಗೆ ಗುಟ್ಟೆಂದರೆ ತೆಲುಗೇ. "ಒಳ್ಳೆ ಹುಡುಗಿ, ಪಾಪ. ಆದ್ರೂ ಕಂಪನಿ ಸಂಬಳ ತಗೊಳ್ಳೋಳು. ಫೋನಿಗೆ ಯಾರೂ ಸಂಬಳ ಕೊಡಲ್ಲ, ಅದೇ ಇರ್ಲಿ."

ನಾನು ಹೇಗೋ ಸುತ್ತಿ ಬಳಸಿ ಹೇಳಿದೆ. ನೊಕ್ ಒಂದಿಷ್ಟೂ ಬೇಸರ ಮಾಡಿಕೊಳ್ಳದೆ ಫೋನು ಕೊಟ್ಟು ಕಾರಿನಲ್ಲಿ ಹೋಗಿ ಕೂತಳು.

"ದೊಡ್ಡಪ್ಪ, ಕಂಪನಿಯನ್ನು ಸೇರಿದ ಮೇಲೆ ನೀವು ಸುಖವಾಗಿದ್ದೀರಾ?" ಅಕ್ಕ ವಾರ್ತೆಯ ದನಿಯಲ್ಲಿ ಕೇಳಿದಳು.

"ಸಬಾಯ್, ಸಬಾಯ್," ಎಂದರು ಅವರು.

'ಆರಾಮ, ಆರಾಮ' ಎಂದಿತು ಫೋನು.

"ನಾನು ಸುಖ ಅಂತ ಕೇಳ್ದೆ. ಆರಾಮ ಅಂತಾರಲ್ಲೋ," ಎಂದು ನನಗೆ ಹೇಳಿ, ಮತ್ತೆ ಕೇಳಿದಳು. ಈ ಸಲ ಲುಂಗ್ ಡೇಂಗ್ ತುಂಬ ಹೊತ್ತು ಮಾತಾಡಿದರು. ನಡುನಡುವೆ ನಕ್ಕರು. ಅಷ್ಟುದ್ದದ ಮಾತನ್ನು ಫೋನು ಎರಡೇ ಸಾಲು ಮಾಡಿತು: 'ಮೊದಲು ನಾನು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಈಗ ನಾನು ಹಗಲಿನಲ್ಲಿಯೂ ನಿದ್ದೆ ಮಾಡುತ್ತೇನೆ.'

ಇದು ಸಂತೋಷದ ಮಾತೋ ದೂರೋ ಎಂದು ನಾವಿಬ್ಬರೂ ಅವರ ಮುಖ ನೋಡಿದೆವು. ಮುಖ ತೃಪ್ತವಾಗಿತ್ತು. ಆದರೆ ಅದು ಹುಟ್ಟಿನಿಂದಲೇ ಅಂಥ ಮುಖವಿದ್ದರೂ ಇರಬಹುದು.

ಅವರದು ಹಾಗಲಬೀಜದ ಕಂಪನಿಯಾಗಿತ್ತಂತೆ. ಪ್ಯಾಕೆಟ್ಟಿನ ಮೇಲೆ ಹುಂಜದ ಚಿತ್ರವಿತ್ತಂತೆ. ಈಗ ಹುಂಜ ಇಲ್ಲ. ಬೀಜ ಮೊಳೆಯದೆ ರೈತರು ಮನೆಗೆ ಬಂದು ಬೈಯುವುದೂ ಇಲ್ಲ. ಅವರ ತೋಟದಲ್ಲಿ ಮೇಸ್ತ್ರಿಯಾಗಿದ್ದವನೊಬ್ಬ ದೊಡ್ಡ ಕಂಪನಿಯಲ್ಲಿ ಒಣಗಿಸುವುದು, ಪರೀಕ್ಷೆ ಮಾಡುವುದು ಎಲ್ಲ ಕಲಿತು, ಬಿಟ್ಟುಹೋಗಿ, ಪಕ್ಕದ ಊರಲ್ಲಿ ತನ್ನದೇ ಬೀಜದ ಕಂಪನಿ ಹಾಕಿದ್ದಾನಂತೆ.

"ನಿಮಗೆ ಅವನ ಮೇಲೆ ಕೋಪ ಇಲ್ಲವೇ?"

'ಹೊಸ ವರ್ಷದಲ್ಲಿ ಅವನು ನನ್ನ ಕೈಗೆ ನೀರು ಹಾಕಲು ಬರುತ್ತಾನೆ. ಅವನ ಹಾಗಲಕಾಯಿ ನನ್ನ ಹಾಗಲಕಾಯಿಗಿಂತ ಉತ್ತಮ.'

ಹಿರಿಯರ ಕೈಗೆ ನೀರು ಹಾಕಿ ಆಶೀರ್ವಾದ ಪಡೆಯುವುದು ಅವರ ಹೊಸ ವರ್ಷದ ಪದ್ಧತಿ ಎಂದು ಆಮೇಲೆ ನೊಕ್ ಹೇಳಿದಳು. ಅಕ್ಕ ಮಾತ್ರ ಜಗಲಿಯ ಮೇಲೇ ಮೆತ್ತಗಾಗಿದ್ದಳು.

"ನಾನೂ ಹಂಗೇ ಅಲ್ವೇನೋ. ಕಂಪನಿಯೋರ ತೋಟದಲ್ಲೇ ಕಲ್ತು ಅವ್ರ ಎದುರಿಗೇ ಅಂಗಡಿ ಇಟ್ಟೋಳು. ನಾನು ಯಾರ ಕೈಗೆ ನೀರು ಹಾಕ್ದೆ?"

ಹೊರಡುವಾಗ ಲುಂಗ್ ಡೇಂಗ್ ಕಾರಿನವರೆಗೂ ಬಂದರು. ಅವರ ಬೆರಳುಗಳು ಸುಮ್ಮನೆ, ಅವರಿಗೇ ತಿಳಿಯದ ಹಾಗೆ, ಬೇಲಿಯ ಬಳ್ಳಿಯೊಂದರ ಮೊಗ್ಗು ಚಿವುಟುತ್ತಿದ್ದವು. ಅದು ಹಾಗಲವೇ ಎಂದು ನಾನು ನೋಡಲಿಲ್ಲ. ನೋಡಿದ್ದರೆ ಹೌದೆಂದು ಬರೆಯುವ ಆಸೆ ಆಗುತ್ತಿತ್ತು.

ಕಂಪನಿಯ ತೋಟ

ಹಾಗಲದ ಹೂವು ಬೆಳಗಿನದು. ಬೆಳಕು ಹರಿಯುವ ಹೊತ್ತಿಗೆ ಸಾಲುಗಳ ತುಂಬ ಹೆಂಗಸರು, ತಲೆಗೆ ಹೂಬಟ್ಟೆ, ಕೊರಳಲ್ಲಿ ದಾರದ ಉಂಡೆ. ಅಕ್ಕ ಯಾರನ್ನೂ ಕೇಳದೆ ಒಂದು ಸಾಲಿಗೆ ಇಳಿದಳು. ಗಂಡುಹೂವಿನ ಎಸಳು ಹಿಂದಕ್ಕೆ ಮಡಿಸಿ, ಹೆಣ್ಣುಹೂವಿಗೆ ಸವರಿ, ದಾರ ಕಟ್ಟಿ ಮುಂದಿನದಕ್ಕೆ ಹೋದಳು. ಎದುರು ಸಾಲಿನ ಒಬ್ಬಳು ಕೈ ಚುರುಕು ಮಾಡಿದಳು. ಅಕ್ಕನೂ ಮಾಡಿದಳು. ಆಮೇಲೆ ನಡೆದದ್ದು ಪಂದ್ಯ. ಯಾರು ಗೆದ್ದರೆಂದು ಗೊತ್ತಾಗಲಿಲ್ಲ, ಇಬ್ಬರೂ ತಾನೇ ಗೆದ್ದೆನೆಂದು ತಮ್ಮ ತಮ್ಮ ಭಾಷೆಯಲ್ಲಿ ಕೂಗಿಕೊಂಡರು.

ಬೀಜ ಒಣಗಿಸುವ ಕೋಣೆಯಲ್ಲಿ ಅಕ್ಕ ತಟ್ಟೆಯ ಬೀಜದೊಳಗೆ ಅಂಗೈ ಇಳಿಸಿ ನಿಂತಳು.

"ಚೆನ್ನಾಗಿ ಮಾಡವ್ರೆ ಕಣೋ," ಎಂದಳು ಕೊನೆಗೆ. "ಹೊಟ್ಟೆ ಉರಿಯತ್ತೆ."

ಮಾತುಕತೆ ಒಂದು ಮರದ ಮನೆಯಂಥ ಕಚೇರಿಯಲ್ಲಿ ನಡೆಯಿತು. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ನೊಕ್, ಮತ್ತು ಅವಳ ಮೇಲಿನ ವಿದೇಶಿ ಸಾಹೇಬ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮೆದು ಮಾತು. ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದರೂ ಅಕ್ಕ ಫೋನು ಬಿಡಲಿಲ್ಲ.

"ನಮ್ಮ ಹೀರೆಯ ಹೂವು ಸಂಜೆ ಅರಳುತ್ತದೆ. ನಿಮ್ಮ ವ್ಯಾನು ಬೆಳಿಗ್ಗೆ ಕರೆದುಕೊಂಡು ಹೋಗುತ್ತದೆ. ನಾನು ಹೂವಿಗೆ ಏನು ಹೇಳಲಿ?"

ನೊಕ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸಾಹೇಬ ನಕ್ಕ, ಆಮೇಲೆ ನಗು ನಿಲ್ಲಿಸಿ ತಲೆ ಕೆರೆದುಕೊಂಡ. ವ್ಯಾನಿನ ವಿಷಯ ಯೋಚಿಸಬಹುದು ಎಂದ. ಹೀರೆಯ ಹೆಸರು ಉಳಿಯುತ್ತದೆಯೇ ಎಂದು ಅಕ್ಕ ಕೇಳಿದಳು. ಹೆಸರು ಕಷ್ಟ ಎಂದ, ಎಲ್ಲ ದೇಶಕ್ಕೂ ಒಂದೇ ನಂಬರು ಇರುತ್ತದಂತೆ.

ಆಗ ನೊಕ್ ಮುಂದಕ್ಕೆ ಬಾಗಿ ಬಹಳ ಅಕ್ಕರೆಯಿಂದ ಏನೋ ಕೇಳಿದಳು. ಫೋನು ಹೇಳಿತು: 'ನೀವು ನಮ್ಮ ಕುಟುಂಬಕ್ಕೆ ಬರುತ್ತೀರಾ?'

ಅಕ್ಕ ನನ್ನ ಕಡೆ ತಿರುಗಿದಳು. "ಹೆಣ್ಣು ನೋಡಕ್ಕೆ ಬಂದೋರು ಕೇಳ್ದಂಗೆ ಕೇಳ್ತಾಳೆ ಕಣೋ." ಒಂದು ಗಳಿಗೆ ನೆಲ ನೋಡಿದಳು. ಆಮೇಲೆ ಫೋನಿಗೆ: "ನಾವು ಊರಿಗೆ ಹೋಗಿ ತಿಳಿಸುತ್ತೇವೆ."

ನನಗೆ ಎದೆ ಹಗುರಾಯಿತು, ಭಾರವೂ ಆಯಿತು. ನಮ್ಮ ಕಡೆ ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು, 'ಊರಿಗೆ ಹೋಗಿ ತಿಳಿಸ್ತೀವಿ' ಎಂದರೆ ಅದರ ಅರ್ಥ ಮನೆಯ ಪುಟ್ಟ ಮಕ್ಕಳಿಗೂ ಗೊತ್ತು. ಒಪ್ಪಿಗೆಯಿಲ್ಲ. ನೊಕ್‌ಗೂ ಅದು ಹೇಗೋ ತಾಗಿರಬೇಕು, ಅವಳ ಮುಖ ಬಾಡಿತು. ಎಲ್ಲರೂ ಎದ್ದೆವು.

ಮುಂದಿನದನ್ನು ನಿಧಾನವಾಗಿ ಹೇಳಬೇಕು. ನಾನು ಅದನ್ನು ಎಷ್ಟೋ ಸಲ ಹೇಳಿ ಸವೆಸಿದ್ದೇನೆ.

ಬಾಗಿಲ ಬಳಿ ಅಕ್ಕ ತಿರುಗಿ ನಿಂತು ಕೈಮುಗಿದಳು. ಫೋನು ಇನ್ನೂ ಅವಳ ಕೈಯಲ್ಲೇ ಇತ್ತು, ಹಾಗಾಗಿ ಎರಡು ಅಂಗೈಗಳ ನಡುವೆ ಸಿಕ್ಕಿಕೊಂಡಿತು. ಮನೆ ಬಿಟ್ಟು ಹೊರಡುವಾಗ ನಾವು ಯಾರೂ 'ಹೋಗ್ತೀವಿ' ಎನ್ನುವುದಿಲ್ಲ. ಅದು ಅಶುಭ. ಹೋಗುವಾಗಲೂ ಬರುತ್ತೇವೆಂದೇ ಅನ್ನುವುದು. ಅವಳೂ ಅದನ್ನೇ ಅಂದಳು.

ಅಂಗೈಗಳ ನಡುವಿನಿಂದ ಫೋನು ಥಾಯ್‌ನಲ್ಲಿ ಮಾತಾಡಿತು.

ನೊಕ್ ಕಿರುಚಿದಳು. "ಯು ವಿಲ್ ಕಮ್! ಶಿ ಸೇಸ್ ದೆ ವಿಲ್ ಕಮ್!" ಸಾಹೇಬ ಎರಡು ಹೆಜ್ಜೆಯಲ್ಲಿ ಬಂದು ನನ್ನ ಕೈ ಕುಲುಕಿದ. ತೋಟದಿಂದ ಯಾರನ್ನೋ ಕರೆದರು, ಯಾರೋ ಫೋಟೋ ತೆಗೆದರು. ನಾನು ಬಾಯಿ ತೆರೆದೆ. ನೋ, ನೋ, ಇಟ್ ಇಸ್ ಓನ್ಲಿ, ಎನ್ನುವಷ್ಟರಲ್ಲಿ ಅಕ್ಕ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

ಆಗ ಅವಳು ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. ಅವಳಿಗೆ ಮಂಡಿನೋವು. ಎಲ್ಲೇ ಚಪ್ಪಲಿ ಹಾಕುವಾಗಲೂ ಪಕ್ಕದವರ ಕೈ ಹಿಡಿಯುತ್ತಾಳೆ.

ನಾನು ಸುಮ್ಮನಾದೆ.

ವಿಮಾನ

ಅವಳು ಅಂದದ್ದು 'ಬರ್ತೀವಿ' ಎಂದೋ, 'ಬರುತ್ತೇವೆ' ಎಂದೋ? ವಿಮಾನದಲ್ಲಿ ನನಗೆ ಅದೊಂದೇ ಯೋಚನೆ. 'ಬರ್ತೀವಿ' ಎಂದಿದ್ದರೆ ಅದು ನಮ್ಮೂರಿನ ಮಾತು, ನಿಂತವರಿಗೆ ಹೇಳಿದ್ದು, ವಿದಾಯ. 'ಬರುತ್ತೇವೆ' ಎಂದಿದ್ದರೆ ಅದು ಫೋನಿಗೆ ಹೇಳಿದ್ದು, ಉತ್ತರ. ನಮ್ಮ ಮಾತು ಫೋನಿಗೆ ತಿಳಿಯುತ್ತಿರಲಿಲ್ಲ ಎಂಬುದು ಒಂದು ಕಡೆ. ಎರಡು ದಿನ ವಾರ್ತೆ ಓದಿ ಓದಿ ಅವಳ ಬಾಯಿ ಅದಕ್ಕೇ ಹೊಂದಿಕೊಂಡಿತ್ತು ಎಂಬುದು ಇನ್ನೊಂದು ಕಡೆ.

"ಅಕ್ಕಾ, ಅವರು ನೀನು ಒಪ್ಪಿದೆ ಅಂತ ತಿಳ್ಕೊಂಡ್ರು."

"ಯಾಕಂತೆ?"

"ಬರ್ತೀವಿ ಅಂದ್ಯಲ್ಲ."

"ಮತ್ತೆ? ಹೋಗ್ತೀವಿ ಅನ್ನಕ್ಕಾಗತ್ತಾ? ಬಿಡ್ತು ಅನ್ನು."

"ಅದನ್ನ ಅವರಿಗೆ ಅಂದ್ಯಾ, ಫೋನಿಗೆ ಅಂದ್ಯಾ?"

ಅಕ್ಕ ಕಿಟಕಿಯ ಹೊರಗೆ ಮೋಡ ನೋಡಿದಳು. "ಕೈ ಮುಗ್ದು ಅಂದೆ. ಕೈಯೊಳಗೆ ಏನಿತ್ತೋ ಯಾರು ನೋಡ್ತಾರೆ," ಎಂದು ಹುರಿದ ಅವರೆಬೇಳೆಯ ಡಬ್ಬಿ ನನ್ನ ಮಡಿಲಿಗಿಟ್ಟು ಕಣ್ಣು ಮುಚ್ಚಿದಳು. ನಿದ್ದೆ ಬಂದಿತ್ತೆಂದು ಹೇಳಲಾರೆ.

ಚಿಂತಾಮಣಿ

ಕಂಪನಿಯವರು ಬಂದರು. ಅವರ ಕೈಯಲ್ಲಿ ಆ ಫೋಟೋ ಇತ್ತು. ಅದರಲ್ಲಿ ಅಕ್ಕ ನಗುತ್ತಿದ್ದಾಳೆ, ಒಂದೇ ಚಪ್ಪಲಿಯಲ್ಲಿ. ಅದು ತಪ್ಪು ತಿಳಿವಳಿಕೆ ಎಂದು ಅವಳು ಅವರಿಗೆ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ವ್ಯಾನಿನ ವಿಷಯಕ್ಕೆ ಮಾತ್ರ ಪಟ್ಟು ಹಿಡಿದು ಕೂತಳು. "ಮನೆಗೆ ಬರ್ತೀನಿ ಅಂದೋಳನ್ನ ಬಾಗ್ಲಲ್ಲಿ ನಿಲ್ಲಿಸ್ತೀರಾ?" ಎಂದು ಅವರಿಗೇ ಕೇಳಿದಳಂತೆ. ಹೀರೆಯ ಕಾಲದಲ್ಲಿ ಈಗ ಶಿಡ್ಲಘಟ್ಟದ ಹಳ್ಳಿಗಳ ವ್ಯಾನು ಮಧ್ಯಾಹ್ನ ಹೊರಡುತ್ತದೆ, ಅವಳ ಹೊಲಗಳಿಗೇ ಬರುತ್ತದೆ. ಗೌರಿಬಿದನೂರಿಗೆ ಹೋಗಿದ್ದ ಹೆಂಗಸರು ತಿರುಗಿ ಬಂದಿದ್ದಾರೆ. ಶೆಡ್ಡಿಗೆ ಒಣಗಿಸುವ ಯಂತ್ರ ಬಂದಿದೆ. ಅವಳು ಅದರ ಮುಂದೆ ನಿಂತು ಎಲ್ಲರಿಗೂ ವಿವರಿಸುತ್ತಾಳೆ.

ಹಿಂದೆ ಅದೇ ಶೆಡ್ಡಿನ ಅಂಗಳದಲ್ಲಿ ಸುತ್ತಲಿನ ಸಣ್ಣಪುಟ್ಟ ಬೀಜದವರು ತಮ್ಮದನ್ನೂ ತಂದು ಹರವಿ ಒಣಗಿಸಿಕೊಳ್ಳುತ್ತಿದ್ದರು. ಈಗ ಕಂಪನಿಯ ನಿಯಮ, ಹೊರಗಿನ ಬೀಜ ಒಳಗೆ ಬಿಡುವಂತಿಲ್ಲ. ಅವರಲ್ಲೊಬ್ಬರು, ವೆಂಕಟರೆಡ್ಡಿಯವರು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಏನಪ್ಪಾ, ನಿಮ್ಮಕ್ಕ ಫಾರಿನ್ ಆಗೋದ್ಲಂತೆ?" ಎಂದರು. ಕುಹಕವಿರಲಿಲ್ಲ, ಬರೀ ದಣಿವಿತ್ತು. ಈ ವರ್ಷ ಅವರು ಬೀಜ ಮಾಡಿಲ್ಲ. ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ 'ಅಕ್ಕನ ಹೀರೆ' ಎಂದರೆ ಒಂದು ನಂಬರಿನ ಪ್ಯಾಕೆಟ್ ಕೊಡುತ್ತಾರೆ, ಅದೇ ಇದು ಎನ್ನುತ್ತಾರೆ. ಅದೇ ಎಂದು ಒಬ್ಬ ರೈತ ನನಗೆ ಹೇಳಿದ. ಕಾಯಿಯ ಮೇಲಿನ ಏಣು ಮೊದಲಿನ ಹಾಗಿಲ್ಲ ಎಂದು ಇನ್ನೊಬ್ಬ.

ಮೊನ್ನೆ ಸಂಜೆ ಅವಳ ಹೊಲಕ್ಕೆ ಹೋಗಿದ್ದೆ. ಹಳದಿ ಹೂವು ಒಂದೊಂದೇ ತೆರೆಯುತ್ತಿತ್ತು. ಸಾಲುಗಳಲ್ಲಿ ಹೆಂಗಸರ ನಗು, ಅರ್ಧ ತೆಲುಗು. ಅಕ್ಕ ಮಂಡಿ ಹಿಡಿದುಕೊಂಡು ಬದುವಿನ ಮೇಲೆ ನಿಂತಿದ್ದಳು.

"ಅಕ್ಕಾ, ನಿಜ ಹೇಳು. ಅವತ್ತು ನನ್ನ ಕೈ ಯಾಕೆ ಹಿಡ್ಕೊಂಡೆ?"

"ಹೂವು ಬಿಡ್ತಾ ಐತೆ ಕಣೋ," ಎಂದಳು. "ಈಗ್ಲಾ ಕೇಳೋದು?" ಎಂದು ಸಾಲಿಗೆ ಇಳಿದಳು.

ಕತ್ತಲಾಗುವವರೆಗೆ ಕೂತಿದ್ದು ಬಂದೆ, ಮತ್ತೆ ಕೇಳಲಿಲ್ಲ. ಅವಳು ಒಪ್ಪಿದ್ದಳೋ, ಅಥವಾ ಆದದ್ದಕ್ಕೆ ಆಮೇಲೆ ಒಪ್ಪಿಕೊಂಡಳೋ ನನಗೆ ಗೊತ್ತಿಲ್ಲ. ಅವತ್ತು ನಾನು ಬಾಯಿ ಬಿಟ್ಟಿದ್ದರೆ ಆ ಹೆಂಗಸರು ಇಂದು ಆ ಹೊಲದಲ್ಲಿರುತ್ತಿದ್ದರೋ, ವೆಂಕಟರೆಡ್ಡಿಯವರು ಬೀಜ ಮಾಡುತ್ತಿದ್ದರೋ, ಅದೂ ಗೊತ್ತಿಲ್ಲ.